ಕರಡಿ ಕೂತ ಚಿಲುಮೆ

ಸೋನುನ್‌ಗೆ ಕುದುರೆಯೆಂದರೆ ಭಯ, ಹೊಳೆಯೆಂದರೆ ಭಯ. ಮಧ್ಯಾಹ್ನದ ಮೇಲೆ ಪಡುವಣ ಕಣಿವೆಯಿಂದ ಏಳುವ ಮೋಡವನ್ನು ಕಂಡರಂತೂ ಹೇಳುವುದೇ ಬೇಡ. ಇಂಥವಳು ಸಾರಿ-ಕುಂಗೇಯ್ ವನ್ಯಜೀವಿ ಅಭಯಧಾಮದಲ್ಲಿ ಕಾವಲಿನ ಕೆಲಸ ಮಾಡುತ್ತಾಳೆ ಎಂದರೆ ಕೆಳಗಿನ ಹಳ್ಳಿಯವರು ಈಗಲೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾರೆ.

ಮೊದಲು ಆ ಕೆಲಸ ಅವಳ ಗಂಡ ತುರ್ಗುನ್‌ನದು. ಒಂದು ವಸಂತದಲ್ಲಿ ಮಂಜುಗಟ್ಟಿದ ಜಾರಿನ ಮೇಲೆ ಅವನ ಕುದುರೆ ಕಾಲು ತಪ್ಪಿ, ಅವನನ್ನು ಅಡಿಗೆ ಹಾಕಿಕೊಂಡು ಬಿತ್ತು. ಕುದುರೆ ಎದ್ದು ಮೈ ಕೊಡವಿಕೊಂಡಿತು. ತುರ್ಗುನ್‌ನ ಸೊಂಟ ಮಾತ್ರ ಮತ್ತೆ ಸರಿಹೋಗಲಿಲ್ಲ. ಕೋಲೂರಿ ನಡೆದಾನು, ಜೀನು ಹತ್ತಲಾರ. ಅವರು ವಾಸವಿದ್ದ ಕಾವಲುಮನೆ ಕಾವಲಿನವರಿಗೆ ಮಾತ್ರ. ಕೆಲಸ ಹೋದರೆ ಸೂರೂ ಹೋಗುತ್ತದೆ. ಅಲ್ಲಿಯವರೆಗೆ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸುತ್ತಿದ್ದ ಸೋನುನ್, ಒಂದು ದಿನ ಸೌಟು ಕೆಳಗಿಟ್ಟು ಅಭಯಧಾಮದ ಮೇಲಧಿಕಾರಿ ಎಸೆಂಗುಲ್‌ನ ಮುಂದೆ ಹೋಗಿ ನಿಂತಳು. ಗಂಡನ ಔಷಧಕ್ಕೆ ಏನಾದರೂ ಕೇಳಲು ಬಂದಿರಬೇಕೆಂದು ಅವನು ತಿಳಿದ. ಅವಳು ಕೇಳಿದ್ದು ಗಂಡನ ಕುದುರೆಯನ್ನು.

ಚಳಿಗಾಲದವರೆಗೆ ನೋಡೋಣ ಎಂದು ಅವನು ಒಪ್ಪಿದ. ಚಳಿಗಾಲ ಬಂತು, ಹೋಯಿತು, ಹಾಗೆಯೇ ಎಷ್ಟೋ ಚಳಿಗಾಲಗಳು ಹೋದವು. ಅವಳ ಜತೆಗೆ ಸೇರಿದ್ದ ಗಟ್ಟಿ ಎದೆಯ ಗಂಡಸರಲ್ಲಿ ಒಬ್ಬನಿಗೆ ಚಳಿ ಸಾಕಾಗಿ, ಇನ್ನೊಬ್ಬನಿಗೆ ಒಂಟಿತನ ಸಾಕಾಗಿ ಬಿಟ್ಟುಹೋದರು. ಸೋನುನ್ ಮಾತ್ರ ಪ್ರತಿ ಬೆಳಿಗ್ಗೆ ಹೆದರಿಕೊಂಡೇ ಎದ್ದು, ಹೆದರಿಕೊಂಡೇ ಜೀನು ಬಿಗಿದು ಹೊರಡುತ್ತಿದ್ದಳು. ಜೀನಿನ ಪಟ್ಟಿಯನ್ನು ಎಳೆದು ನೋಡುವಳು, ನಾಲ್ಕು ಹೆಜ್ಜೆ ಹೋಗಿ ಇಳಿದು ಮತ್ತೆ ಎಳೆದು ನೋಡುವಳು. ಕುದುರೆಗೇ ಬೇಸರ ಬಂದು ತಿರುಗಿ ಅವಳ ತೋಳನ್ನು ಮೂಸುತ್ತಿತ್ತು. ಸಂಜೆ ಮರಳಿ ಬಂದಮೇಲೂ ಅವಳ ಯೋಚನೆ ಮುಗಿಯುತ್ತಿರಲಿಲ್ಲ. ಬಂಡೆಯಂಚಿನಲ್ಲಿ ಕಂಡ ಕಾಡುಮೇಕೆಯ ಮರಿ ಕುಂಟುತ್ತಿತ್ತೋ, ತನಗೇ ಹಾಗೆ ಕಂಡಿತೋ? ಮೇಲಿನ ಕಾವಲು ಗುಡಿಸಲಿನ ಕದದ ಚಿಲಕ ಹಾಕಿದೆನೋ ಇಲ್ಲವೋ? ತುರ್ಗುನ್ ಅವಳ ಮುಖ ನೋಡಿ, ಚಿಲಕ ಹಾಕಿದ್ದೀಯ, ಮಲಗು ಎನ್ನುತ್ತಿದ್ದ. ಅವನಿಗೇನು ಗೊತ್ತು, ಅವನು ನೋಡಿದ್ದನೇ?

ಹೀಗಿರುವಾಗ ಅವಳ ಮಗಳು ನಾಜಿರಾಗೆ ಸಂಬಂಧ ಕೂಡಿಬಂತು. ನಾಜಿರಾ ಸರೋವರದ ದಂಡೆಯ ಪಟ್ಟಣದಲ್ಲಿ ದಾದಿಯ ಕೆಲಸ ಮಾಡುತ್ತಿದ್ದಳು. ಹುಡುಗ ಎರ್ಮೆಕ್ ಅದೇ ಊರಿನವನು, ಮಾತು ಕಡಿಮೆ, ನಗು ಜಾಸ್ತಿ. ಬೇಸಿಗೆಯ ನಡುವಿನಲ್ಲಿ ಹುಡುಗನ ತಾಯಿ ಬಂದು ಹುಡುಗಿಯ ಕಿವಿಗೆ ಓಲೆ ತೊಡಿಸುವುದೆಂದು ಮಾತಾಯಿತು. ಅದಾದರೆ ಮದುವೆ ಗಟ್ಟಿ. ಸೋನುನ್ ಮನೆಯ ಕಂಬಳಿಗಳನ್ನೆಲ್ಲ ಬಿಸಿಲಿಗೆ ಹಾಕಿ ಬಡಿದಳು, ಎಣ್ಣೆಯಲ್ಲಿ ಹಿಟ್ಟಿನ ಬೊರ್ಸೋಕ್ ಕರಿದು ಗುಡ್ಡೆ ಹಾಕಿದಳು, ಕುರಿ ಕೊಯ್ಯಿಸಿದಳು. ಏನೋ ಒಂದು ಮರೆತಿದ್ದೇನೆ ಎಂದು ಅಂಗಳದಲ್ಲಿ ಸುತ್ತಿದಳು.

ಬೀಗಿತ್ತಿಯ ಹೆಸರು ಬಾತ್ಮಾ. ಅರವತ್ತು ದಾಟಿದ, ಹರವಾದ ಮೈಕಟ್ಟಿನ ಹೆಂಗಸು. ತಲೆಗೆ ಬಿಳಿ ವಸ್ತ್ರ ಬಿಗಿದುಕೊಂಡು ಮಗನ ಕಾರಿನಿಂದ ಇಳಿದವಳು ಮನೆಯ ಕಡೆ ನೋಡಲೇ ಇಲ್ಲ. ಸೊಂಟದ ಮೇಲೆ ಕೈ ಇಟ್ಟು ಕಣಿವೆಯ ಮೇಲ್ತುದಿಯನ್ನು ನೋಡುತ್ತ ನಿಂತುಬಿಟ್ಟಳು. ಒಳಗೆ ಬಂದು ಕಿಮಿಜ್ ಕುಡಿದಳು, ಕುದುರೆಹಾಲು ಚೆನ್ನಾಗಿ ಹುಳಿ ಬಂದಿದೆ ಎಂದು ಹೊಗಳಿದಳು, ನಾಜಿರಾಳ ಗಲ್ಲ ಹಿಡಿದು ನೋಡಿದಳು. ಎಲ್ಲರೂ ಓಲೆಯ ಗಂಟು ಬಿಚ್ಚುತ್ತಾಳೆ ಎಂದು ಕಾಯುತ್ತಿದ್ದರೆ, ಅವಳು ಸೋನುನ್‌ಳ ಕಡೆ ತಿರುಗಿದಳು.

"ಓಲೆ ಎಲ್ಲಿಗೆ ಓಡಿಹೋಗುತ್ತೆ, ಆಮೇಲೆ ತೊಡಿಸಿದ್ರಾಯ್ತು. ಮೊದಲು ನನಗೆ ಕುಂಗೇಯ್ ತೋರಿಸು. ನಾನು ಹುಟ್ಟಿದ್ದು ಅಲ್ಲೇ."

ಸೋನುನ್‌ಗೆ ಅದು ಹೊಸ ಸುದ್ದಿ. ಅಭಯಧಾಮ ಆಗುವ ಮೊದಲು ಆ ಇಳಿಜಾರೆಲ್ಲ ಬೇಸಿಗೆಯ ಹುಲ್ಲುಗಾವಲಾಗಿತ್ತು, ಕುರಿ ಕುದುರೆಗಳ ಜತೆ ಮಂದಿ ಮೇಲೇರಿ ಉಣ್ಣೆಯ ಡೇರೆ ಹಾಕುತ್ತಿದ್ದರು ಎಂಬುದನ್ನು ಕೇಳಿ ಬಲ್ಲಳು. ಅಲ್ಲಿ ಮೇಯಿಸುವುದು ನಿಂತಮೇಲೆ ಆ ಮಂದಿ ಸರೋವರದ ಕಡೆಗೆ ಇಳಿದುಹೋಗಿದ್ದರು. ಅವರಲ್ಲೊಬ್ಬಳು ತನ್ನ ಬೀಗಿತ್ತಿಯಾಗಿ ಬಂದು ಕೂರುತ್ತಾಳೆಂದು ಅವಳು ಎಣಿಸಿರಲಿಲ್ಲ.

ವಾಕಿಟಾಕಿಯಲ್ಲಿ ಎಸೆಂಗುಲ್‌ನನ್ನು ಕೇಳಿದ್ದಾಯಿತು. ನೋಡಲು ಬರುವವರಿಗೆ ಎರಡನೇ ಗುಡಿಸಲಿನವರೆಗೆ ಅಪ್ಪಣೆ ಉಂಟು, ಅದರಾಚೆ ಗಡಿಕಲ್ಲು ದಾಟುವಂತಿಲ್ಲ, ಈ ಸಲ ಮೇಲೆ ಮರಿ ಹಾಕಿದ ಕರಡಿ ಇರುವುದು ನಿಮಗೇ ಗೊತ್ತಲ್ಲ ಸೋನುನ್ ಅಕ್ಕ, ಎಂದ. ಅದು ಗೊತ್ತಿದ್ದರಿಂದಲೇ ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಅಪ್ಪಣೆ ಸಿಗದಿದ್ದರೇ ಚೆನ್ನಾಗಿತ್ತು. ತುರ್ಗುನ್ ಅವಳನ್ನು ಲಾಯದ ಹಿಂದಕ್ಕೆ ಕರೆದ.

"ಆಗಲ್ಲ ಅಂದ್ರೆ ಓಲೆ ಬಂದ ಗಂಟಿನಲ್ಲೇ ವಾಪಸ್ ಹೋಗುತ್ತೆ," ಎಂದ. "ಹೋದ್ರೆ ನೀನು ದಾರಿಯುದ್ದಕ್ಕೂ ಜೀವ ಬಿಡ್ತೀಯ. ಯಾವುದು ವಾಸಿ ಅಂತ ನೀನೇ ನೋಡ್ಕೋ."

"ನೀವು ಬರೋ ಹಾಗಿದ್ದಿದ್ರೆ..." ಎಂದು ಅವನ ಕೋಲಿನ ಕಡೆ ನೋಡಿದಳು.

ಮಾರನೆಯ ಬೆಳಿಗ್ಗೆ ಬೆಳಕು ಹರಿಯುವಾಗಲೇ ಬೀಗಿತ್ತಿಯರಿಬ್ಬರೂ ಹೊರಟರು. ಹೊಳೆಯನ್ನು ಬೇಗ ದಾಟಬೇಕು, ಬೇಗ ಮರಳಬೇಕು. ಬಿಸಿಲೇರಿ ಮೇಲಿನ ಹಿಮನದಿ ಕರಗತೊಡಗಿದರೆ ಮಧ್ಯಾಹ್ನದ ಹೊತ್ತಿಗೆ ಆ ಹೊಳೆ ಯಾರನ್ನೂ ದಾಟಗೊಡುವುದಿಲ್ಲ. ಹಾಯುವ ಜಾಗದಲ್ಲಿ ಸೋನುನ್ ಇಳಿದು ಪಟ್ಟಿ ನೋಡಿದಳು, ಬೀಗಿತ್ತಿಯ ಕುದುರೆಯ ಪಟ್ಟಿಯನ್ನೂ ನೋಡಿದಳು, ನೀರಿನೊಳಗಿನ ತನ್ನ ಗುರುತಿನ ಬಂಡೆ ಎಷ್ಟು ಮುಳುಗಿದೆ ಎಂದು ನೋಡಿದಳು. ಬಾತ್ಮಾ ಅಷ್ಟರಲ್ಲಿ ನಡುಹೊಳೆಯಲ್ಲಿದ್ದಳು. ಜೀನಿನ ಪಕ್ಕದ ರಿಕಾಪಿನಿಂದ ಕಾಲು ತೆಗೆದು ಮೇಲಕ್ಕೆ ಮಡಚಿಕೊಂಡು, ಮಂಚದ ಮೇಲೆ ಕೂತವಳ ಹಾಗೆ ಕೂತಿದ್ದಳು.

"ಹೊಳೆ ದಾಟೋದು ಕುದುರೆ, ನೀನಲ್ಲ," ಎಂದು ಆಚೆ ದಡದಿಂದ ಕೂಗಿ ಹೇಳಿದಳು. "ಅದರ ಕೆಲಸ ಅದಕ್ಕೆ ಬಿಡು. ಸರ್ಕಾರ ಕಾವಲಿಗೆ ಅಂತ ಹುಡುಕಿ ಹುಡುಕಿ ನಿನ್ನನ್ನ ಹಿಡ್ಕೊಂಡು ಬಂತಾ?"

ಸೋನುನ್ ನಕ್ಕಳು. ಬೀಗಿತ್ತಿಯ ಮಾತಿಗೆ ನಗದಿದ್ದರೆ ಹೇಗೆ. ಮನಸ್ಸಿನಲ್ಲಿ ಮಾತ್ರ, ಇವಳ ಮನೆಗೆ ಮಗಳನ್ನು ಕೊಡುತ್ತಿದ್ದೇನಲ್ಲ ಎಂಬ ಹೊಸ ಯೋಚನೆ ಒಂದು ಸೇರಿಕೊಂಡಿತು.

ಆಚೆ ದಡ ಹತ್ತಿದ ಮೇಲೆ ಬಾತ್ಮಾಳ ಕೀಟಲೆ ತಾನಾಗಿ ನಿಂತಿತು. ಬಿಲಗಳ ಬಾಯಲ್ಲಿ ಹಿಂಗಾಲಿನ ಮೇಲೆ ನಿಂತ, ದಪ್ಪ ಅಳಿಲಿನಂಥ ಕಂದು ಮಾರ್ಮಾಟ್‌ಗಳು ಇವರನ್ನು ಕಂಡು ಸಿಳ್ಳೆ ಹಾಕಿ ಒಳಗೆ ನುಗ್ಗಿದವು. ಎದುರಿನ ಕಡಿದಾದ ಬಂಡೆಯಲ್ಲಿ ಕಾಡುಮೇಕೆಗಳು ಮರಿಗಳೊಂದಿಗೆ ಸಾಲುಗಟ್ಟಿ ಹೋಗುತ್ತಿದ್ದವು. ಅವುಗಳ ಗೊರಸಿಗೆ ಸಿಕ್ಕಿದ ಕಲ್ಲು ಉರುಳುವ ಸದ್ದು ಸ್ವಲ್ಪ ತಡವಾಗಿ ಕಿವಿಗೆ ಬರುತ್ತಿತ್ತು. ಸೋನುನ್‌ಗೆ ಆ ಜಾಗಗಳೆಲ್ಲ ನಕ್ಷೆಯ ಅಂಕಿಗಳು. ಬಾತ್ಮಾ ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತ ಹೋದಳು. ಇದು ಕುರುಡುಕುದುರೆಯ ದಿಬ್ಬ, ಇದು ಸೊಸೆ ಅತ್ತ ಹಳ್ಳ, ಇಲ್ಲಿ ನಮ್ಮ ದೊಡ್ಡಪ್ಪನ ಡೇರೆ. ದೊಡ್ಡಪ್ಪನ ಡೇರೆಯಿದ್ದ ಕಡೆ ಹುಲ್ಲು ಮಾತ್ರ ಇತ್ತು, ಮೊಣಕಾಲೆತ್ತರ.

ಎರಡನೇ ಗುಡಿಸಲು ತಲುಪಿ, ಕುದುರೆ ಕಟ್ಟಿ, ಉಪ್ಪು ಹಾಲು ಹಾಕಿದ ಚಹಾ ಕಾಸಿ ಕೊಟ್ಟಾಗ ಬಾತ್ಮಾ ಎದೆಯ ಬಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಗಾಜಿನ ಸೀಸೆಯೊಂದನ್ನು ಹೊರತೆಗೆದಳು. ತನ್ನ ತಾಯಿ ಉಪೆಲ್ ಹಾಸಿಗೆ ಹಿಡಿದಿದ್ದಾಳೆ, ತೊಂಬತ್ತು ದಾಟಿದೆ, ಏನು ಕೊಟ್ಟರೂ ಬಾಯಿ ತೆರೆಯುವುದಿಲ್ಲ, ಕೇಳುವುದು ಒಂದೇ: ಮೇಲಿನ ಚಿಲುಮೆಯ ನೀರು. ಅದರ ಪಕ್ಕದಲ್ಲೇ ತಾಯಿ ತನ್ನನ್ನು ಹೆತ್ತದ್ದು. ಇದೆಲ್ಲವನ್ನೂ ಬಾತ್ಮಾ ಲೋಟ ನೋಡುತ್ತ ಹೇಳಿದಳು.

ಆ ಚಿಲುಮೆ ಇದ್ದದ್ದು ಗಡಿಕಲ್ಲಿನ ಆಚೆ, ಕರಡಿ ಮರಿಗಳೊಂದಿಗೆ ತಿರುಗುವ ಇಳಿಜಾರಿನಲ್ಲಿ. ಸೋನುನ್ ಲೋಟ ಕೆಳಗಿಟ್ಟಳು.

"ಆಗಲ್ಲ ಅಕ್ಕಾ. ಅದೊಂದು ಕೇಳ್ಬೇಡಿ. ಕೆಳಗಿನ ತೊರೆಯಲ್ಲಿ ತುಂಬ್ಕೊಳ್ಳಿ, ಆ ನೀರೇ ಇಳಿದು ಬರೋದು."

"ನಿಮ್ಮಮ್ಮ ಸಾಯೋವಾಗ ಕೇಳಿದ್ರೆ ಪಕ್ಕದ ಮನೆ ನೀರು ಕೊಡ್ತಿದ್ಯಾ?"

ಸೋನುನ್ ಎದ್ದಳು. ಎಸೆಂಗುಲ್‌ನನ್ನು ಒಂದು ಮಾತು ಕೇಳುತ್ತೇನೆ, ಇಲ್ಲೇ ಕೂತಿರಿ ಎಂದು ಬೇಡಿಕೊಂಡು, ವಾಕಿಟಾಕಿಗೆ ಸದ್ದು ಸಿಗುವ ಹಿಂದಿನ ದಿಬ್ಬ ಹತ್ತಿದಳು. ಎಸೆಂಗುಲ್ ಸಿಕ್ಕಲಿಲ್ಲ. ಬರಿಯ ಗರಗರ ಸದ್ದು. ಮತ್ತೆ ಮತ್ತೆ ಕರೆದು ಸೋತು ಇಳಿದು ಬಂದಾಗ ಗುಡಿಸಲಿನಲ್ಲಿ ಚಹಾದ ಲೋಟ ಮಾತ್ರ ಇತ್ತು. ಬೀಗಿತ್ತಿಯ ಕುದುರೆ ಕಟ್ಟಿದಲ್ಲೇ ಮೇಯುತ್ತಿತ್ತು. ಸದ್ದಾಗದಿರಲೆಂದು ಅವಳು ನಡೆದೇ ಹೋಗಿದ್ದಳು.

ಸೋನುನ್ ಓಡಿದಳು. ಮೇಕೆಗಳ ಕಾಲುದಾರಿ ಬಿಟ್ಟರೆ ಮೇಲಕ್ಕೆ ಬೇರೆ ದಾರಿಯಿಲ್ಲ. ಗಡಿಕಲ್ಲಿನ ಬಳಿ, ಓಡಾಡುವ ಪ್ರಾಣಿಗಳ ಚಿತ್ರ ತಾನಾಗಿ ಹಿಡಿಯುವ ಕ್ಯಾಮೆರಾ ಬಂಡೆಗೆ ಬಿಗಿದಿತ್ತು. ಅದರ ಮುಂದಿನ ಹುಲ್ಲು ತುಳಿದುಹೋಗಿತ್ತು. ಬೀಗಿತ್ತಿಯ ಚಿತ್ರ ಆಗಲೇ ಅದರೊಳಗೆ ಸೇರಿತ್ತು, ಈಗ ತನ್ನದೂ ಸೇರಿತು. ಇನ್ನೂ ಮೇಲೆ ಹೋದಾಗ ನೆಲ ಉತ್ತಂತೆ ಬಗೆದಿರುವುದು ಕಂಡಿತು. ಬೇರು ತಿನ್ನಲು ಕರಡಿ ಬಗೆದದ್ದು. ಮಣ್ಣು ಇನ್ನೂ ಒಣಗಿರಲಿಲ್ಲ. ಬಾತ್ಮಾ ಬಿದ್ದಿರಬಹುದೇ, ಕರಡಿಗೆ ಸಿಕ್ಕಿರಬಹುದೇ, ಎರ್ಮೆಕ್‌ನಿಗೆ ಏನು ಹೇಳಲಿ, ನಾಜಿರಾಗೆ ಏನು ಹೇಳಲಿ, ಹೊಳೆ ಈಗ ಎಷ್ಟು ಏರಿರಬಹುದು? ಕಾಲು ಮುಂದಕ್ಕೆ ಹೋಗುತ್ತಿದ್ದರೆ ತಲೆ ಆಗಲೇ ಹೆಣ ಹೊತ್ತುಕೊಂಡು ಕೆಳಗಿಳಿಯುತ್ತಿತ್ತು.

ತಿರುವು ದಾಟಿದ ಕೂಡಲೇ ಬಿಳಿ ತಲೆವಸ್ತ್ರ ಕಂಡಿತು. ಬಾತ್ಮಾ ಕಲ್ಲಿನ ಜಾರಿನ ಮೇಲೆ ಕೂತಿದ್ದಳು, ಸೀಸೆ ತೊಡೆಯ ಮೇಲಿತ್ತು. ಮೈ ಅಲುಗುತ್ತಿರಲಿಲ್ಲ. ಅವಳು ನೋಡುತ್ತಿದ್ದ ಕಡೆ ನೋಡಿದರೆ, ಕೆಳಗೆ ಚಿಲುಮೆಯ ಹೊಂಡದಲ್ಲಿ ಕರಡಿ ಕೂತಿತ್ತು. ನೀರು ಸೊಂಟದವರೆಗೆ. ಸ್ನಾನದ ಮನೆಯಲ್ಲಿ ಬಿಸಿನೀರಿಗೆ ಇಳಿದ ದಪ್ಪ ಯಜಮಾನನ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿತ್ತು. ದಡದಲ್ಲಿ ಎರಡು ಮರಿಗಳು ಒಂದರ ಕಿವಿ ಒಂದು ಕಚ್ಚುತ್ತಿದ್ದವು. ಕೂಗುವ ಮಾತು ಹಾಗಿರಲಿ, ಮಾತಾಡಿದರೂ ಕೇಳಿಸುವಷ್ಟು ಹತ್ತಿರ. ಗಾಳಿ ಕರಡಿಯ ಕಡೆಯಿಂದ ಇತ್ತ ಬೀಸುತ್ತಿದ್ದುದೊಂದೇ ಪುಣ್ಯ.

ಸೋನುನ್ ಕೂತುಕೊಂಡೇ ಜರುಗುತ್ತ ಹೋಗಿ ಬೀಗಿತ್ತಿಯ ಪಕ್ಕ ಸೇರಿದಳು. ತನ್ನ ಹಸಿರು ಕೋಟು ಬಿಚ್ಚಿ ಆ ಬಿಳಿ ವಸ್ತ್ರದ ಮೇಲೆ ಹೊದಿಸಿದಳು. ಬಾತ್ಮಾ ಅವಳ ಕೈ ಹಿಡಿದ ಹಿಡಿತಕ್ಕೆ ಉಂಗುರ ಬೆರಳಿಗೆ ಕಚ್ಚಿತು.

"ಓಡೋಣ," ಎಂದಳು ಬಾತ್ಮಾ ಉಸಿರಿನಲ್ಲೇ.

"ಬೇಡ."

"ನಿನಗೆ ಹೆದರಿಕೆ ಆಗ್ತಿಲ್ವಾ?"

"ಯಾವತ್ತು ಆಗಲ್ಲ ಹೇಳಿ. ಸುಮ್ಮನೆ ಕೂತ್ಕೊಳ್ಳಿ."

ಕಾವಲಿನವರ ಬಳಿ ಕರಡಿಯನ್ನು ಬೆದರಿಸಲು ಒಂದು ಸಿಡಿಮದ್ದಿನ ಕೊಳವೆ ಇರುತ್ತದೆ. ಎಳೆದರೆ ಢಮ್ಮೆಂದು ಕೆಂಪು ಬೆಳಕು ಹಾರುತ್ತದೆ. ಸೋನುನ್ ಮೆಲ್ಲಗೆ ಸೊಂಟಕ್ಕೆ ಕೈ ಹಾಕಿದಳು. ಇರಲಿಲ್ಲ. ಗುಡಿಸಲಿನ ಬಳಿ ಜೀನಿನ ಚೀಲದಲ್ಲೇ ಉಳಿದುಬಿಟ್ಟಿತ್ತು. ಇಷ್ಟು ವರ್ಷಗಳಲ್ಲಿ ಅದನ್ನು ಮರೆತದ್ದು ಅದೇ ಮೊದಲು. ಬೀಗಿತ್ತಿಗೆ ಅವಳು ಅದನ್ನು ಹೇಳಲಿಲ್ಲ.

ಬಿಸಿಲು ಏರುತ್ತ ಹೋಯಿತು. ಕರಡಿಗೆ ನೀರಿನಿಂದ ಏಳುವ ಮನಸ್ಸಿರಲಿಲ್ಲ. ಮರಿಗಳಲ್ಲಿ ಒಂದಕ್ಕೆ ಆಟ ಬೇಸರವಾಗಿ ಇಳಿಜಾರು ಹತ್ತತೊಡಗಿತು. ಕಲ್ಲು ಮೂಸಿತು, ಹೂವಿಗೆ ಒಂದು ಏಟು ಕೊಟ್ಟಿತು, ನೇರವಾಗಿ ಇವರ ಕಡೆಗೆ ಬಂತು. ಬರಬೇಡ, ಬರಬೇಡ ಎಂದು ಸೋನುನ್ ಒಳಗೊಳಗೇ ಅಂಗಲಾಚಿದಳು. ಅದು ಬಂತು. ಬಾತ್ಮಾಳ ಬೂಟಿನಿಂದ ಒಂದು ಮಾರು ದೂರದಲ್ಲಿ ನಿಂತು ಮೂಗೆತ್ತಿತು. ಅದರ ಕಾಲಡಿಯ ಕಲ್ಲುಗಳು ಜಾರಿ ಕೆಳಕ್ಕೆ ಉರುಳಿದವು.

ತಾಯಿ ಕರಡಿ ಎದ್ದು ನಿಂತಿತು. ಮೈಯಿಂದ ನೀರು ಧಾರೆಯಾಗಿ ಸುರಿಯಿತು. ಇವರನ್ನು ನೋಡಿತು.

ಆಗ ಸೋನುನ್ ಮಾತಾಡತೊಡಗಿದಳು. ಹಾಗೆ ಮಾಡಬೇಕೆಂದು ತುರ್ಗುನ್ ಎಂದೋ ಹೇಳಿದ್ದ: ಕಿರುಚಬಾರದು, ಓಡಬಾರದು, ನೀನು ಮನುಷ್ಯಳೆಂದು ಅದಕ್ಕೆ ಗೊತ್ತಾಗುವಂತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿರಬೇಕು. ಏನು ಮಾತಾಡಬೇಕೆಂದು ಅವನು ಹೇಳಿರಲಿಲ್ಲ. ಊಟದ ಸಾಲಿನಲ್ಲಿ ಜಗಳ ತೆಗೆದ ಮಕ್ಕಳನ್ನು ಸಮಾಧಾನ ಮಾಡುತ್ತಿದ್ದ ದನಿಯೇ ಅವಳ ಬಾಯಿಗೆ ಬಂತು.

"ತಾಯೀ, ನಿನ್ನ ಮಗು ಇಲ್ಲೇ ಇದೆ ನೋಡು. ನಾವೇನೂ ಮುಟ್ಟಿಲ್ಲ. ಕರ್ಕೊಂಡು ಹೋಗು. ನಾವೂ ಹೋಗ್ತೀವಿ. ನಮಗೂ ಮನೇಲಿ ಮಕ್ಕಳಿದ್ದಾರೆ."

ಹೇಳುತ್ತಲೇ ಬಾತ್ಮಾಳನ್ನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು, ಹಿಂದು ಹಿಂದಕ್ಕೆ ಹೆಜ್ಜೆ ಇಟ್ಟಳು. ಕರಡಿ ಬುಸುಗುಟ್ಟಿ ದಡಬಡನೆ ಇವರತ್ತ ನುಗ್ಗಿತು. ಮರಿಯ ಹತ್ತಿರಕ್ಕೆ ಬಂದು ತಟ್ಟನೆ ನಿಂತಿತು. ಅದರ ಒದ್ದೆ ಮೈಯ ನಾತ ಮೂಗಿಗೆ ಬಡಿಯಿತು. ಸೋನುನ್ ಮಾತು ನಿಲ್ಲಿಸಲಿಲ್ಲ. ತಾನು ಏನು ಹೇಳಿದೆನೆಂದು ಆಮೇಲೆ ಅವಳಿಗೆ ನೆನಪಾಗಲಿಲ್ಲ. ನಾಜಿರಾಳ ಓಲೆಯ ವಿಷಯವನ್ನೂ ಕರಡಿಗೆ ಹೇಳಿದಳೆಂದು ಬಾತ್ಮಾ ಆಣೆ ಮಾಡಿ ಹೇಳುತ್ತಾಳೆ. ಕೊನೆಗೆ ಕರಡಿ ಮರಿಗೆ ಪಂಜದಿಂದ ಒಂದು ಕೊಟ್ಟು ಮುಂದೆ ದೂಡಿಕೊಂಡು, ಇನ್ನೊಂದನ್ನೂ ಕೂಡಿಸಿಕೊಂಡು, ಬೆಟ್ಟದ ಏಣು ಹತ್ತಿ ಆಚೆ ಇಳಿಯಿತು.

ಇಬ್ಬರೂ ಇದ್ದಲ್ಲೇ ಕೂತರು. ಬಾತ್ಮಾ ಅಳುತ್ತಿದ್ದಳು, ಸದ್ದಿಲ್ಲದೆ. ಸಾಕು, ನೀರೂ ಬೇಡ ಏನೂ ಬೇಡ, ಇಳಿದುಹೋಗೋಣ ಎಂದಳು. ಸೋನುನ್ ಏಣಿನ ಕಡೆ ನೋಡಿದಳು, ಸೂರ್ಯನ ಕಡೆ ನೋಡಿದಳು, ಬೀಗಿತ್ತಿಯ ಕೈಯಲ್ಲಿದ್ದ ಸೀಸೆಯನ್ನು ನೋಡಿದಳು.

"ಇಷ್ಟು ದೂರ ಬಂದು ಖಾಲಿ ಸೀಸೆ ತಗೊಂಡು ಹೋಗ್ತೀರಾ? ಕೊಡಿ ಇಲ್ಲಿ."

ಕರಡಿ ಕಲಕಿದ ಹೊಂಡ ಕೆಸರಾಗಿತ್ತು. ಬಂಡೆಯ ಸಂದಿನಿಂದ ನೀರು ಹನಿಯುವ ಕಡೆ ಅವಳು ಸೀಸೆಯ ಬಾಯಿ ಒಡ್ಡಿ ನಿಂತಳು. ಸಣ್ಣ ಬಾಯಿ, ಸಣ್ಣ ಧಾರೆ, ತುಂಬುವುದಕ್ಕೆ ಯುಗವೇ ಹಿಡಿಯಿತು. ಬೆನ್ನು ಪೂರ್ತಿ ಕಣ್ಣಾಗಿತ್ತು.

ಗುಡಿಸಲಿಗೆ ಬಂದು ಕುದುರೆ ಬಿಚ್ಚಿ ಹೊಳೆಯ ದಡಕ್ಕೆ ಇಳಿದರೆ, ಗುರುತಿನ ಬಂಡೆಯೇ ಇರಲಿಲ್ಲ. ಕಂದು ನೀರು ದಡ ಕೊರೆಯುತ್ತ ಓಡುತ್ತಿತ್ತು, ಒಳಗೆ ಕಲ್ಲುಗಳು ಗುಡುಗಿನ ಹಾಗೆ ಉರುಳುತ್ತಿದ್ದವು. ಈಗ ಬಾತ್ಮಾ ಕುದುರೆಯ ಕೆಲಸ ಕುದುರೆಗೆ ಬಿಡು ಎನ್ನಲಿಲ್ಲ. ಗುಡಿಸಲಿಗೆ ಮರಳಿ ಹಿಂದಿನ ದಿಬ್ಬ ಹತ್ತಿದಾಗ ಈ ಸಲ ಎಸೆಂಗುಲ್ ಸಿಕ್ಕಿದ. ಸೋನುನ್ ಒಂದನ್ನೂ ಬಿಡದೆ ಹೇಳಿದಳು: ಬಂದವರು ಕಲ್ಲು ದಾಟಿದರು, ನಾನೂ ದಾಟಿದೆ, ಕರಡಿಯ ಹತ್ತಿರಕ್ಕೆ ಹೋದೆವು, ನೀರು ತುಂಬಿದ್ದು ನಾನೇ, ಈಗ ಹೊಳೆ ಏರಿದೆ, ಮನೆಗೆ ತಿಳಿಸಿ. ಅವನು, ಇಬ್ಬರಿಗೂ ಗಾಯವಿಲ್ಲ ತಾನೇ ಎಂದು ಕೇಳಿದ. ಬೈಗುಳ ನಾಳೆಗಿದೆ ಎಂದು ಅವಳಿಗೆ ತಿಳಿಯಿತು.

ಆ ರಾತ್ರಿ ಗುಡಿಸಲಿನಲ್ಲಿ ಒಂದೇ ಕಂಬಳಿಯಡಿ ಕಳೆಯಿತು. ಕದದ ಚಿಲಕ ನೋಡು ಎಂದು ಬಾತ್ಮಾ ಎರಡು ಸಲ ಹೇಳಿದಳು, ಸೋನುನ್ ಎರಡು ಸಲವೂ ಎದ್ದು ನೋಡಿದಳು.

ಬೆಳಗಾಗುವಾಗ ನೀರು ಇಳಿದಿತ್ತು. ಆಚೆ ದಡದಲ್ಲಿ ತುರ್ಗುನ್ ಕೋಲೂರಿ ನಿಂತಿದ್ದ. ಆ ಸೊಂಟ ಇಟ್ಟುಕೊಂಡು ಅಲ್ಲಿಯವರೆಗೆ ನಡೆದು ಬಂದಿದ್ದ, ಹಿಂದೆ ನಾಜಿರಾ, ಎರ್ಮೆಕ್. ಮನೆ ಸೇರಿದ ಮೇಲೆ ಬಾತ್ಮಾ ಕೈ ಮುಖ ಕೂಡ ತೊಳೆಯದೆ ಗಂಟು ಬಿಚ್ಚಿ ನಾಜಿರಾಳ ಕಿವಿಗೆ ಓಲೆ ಇಟ್ಟಳು. ಬೆರಳು ಇನ್ನೂ ನಡುಗುತ್ತಿದ್ದುದರಿಂದ ಒಂದು ಕಿವಿಯದನ್ನು ಎರ್ಮೆಕ್‌ನೇ ಸಿಕ್ಕಿಸಬೇಕಾಯಿತು.

ಎಸೆಂಗುಲ್ ಬಂದ, ಅಂಗಳದಲ್ಲಿ ನಿಲ್ಲಿಸಿಯೇ ಬೈದ. ಮರಿಗಳನ್ನು ಬಿಟ್ಟು ಆ ಕರಡಿ ಓಡಿಹೋಗಿದ್ದರೆ ಏನು ಗತಿ ಎಂದು ಕೇಳಿದ. ಮುಂದಿನ ಬೇಸಿಗೆಯವರೆಗೆ ಹೊರಗಿನವರನ್ನು ಕರೆದೊಯ್ಯುವಂತಿಲ್ಲ ಎಂದ. ಅವನು ಹೋದಮೇಲೆ ತುರ್ಗುನ್ ಗೊಣಗಿದ: ಕ್ಯಾಮೆರಾದಿಂದ ಚಿತ್ರ ಇಳಿಸಿಕೊಳ್ಳುವವಳು ನೀನೇ, ಅಳಿಸಿಹಾಕಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

"ಹಾಗೆ ಮಾಡಿದ್ರೆ ಚಳಿಗಾಲ ಪೂರ್ತಿ ನನಗೆ ನಿದ್ದೆ ಬರ್ತಿತ್ತಾ?" ಎಂದಳು ಸೋನುನ್.

ಮದುವೆಗೆ ಮುಂಚೆ ಒಂದು ದಿನ ಅವಳು ಸರೋವರದ ದಂಡೆಯ ಬೀಗರ ಮನೆಗೆ ಹೋದಳು. ಉಪೆಲ್ ಅಜ್ಜಿ ಕಿಟಕಿಯ ಬಳಿ ಮಲಗಿದ್ದಳು, ಹಾಸಿಗೆಯಲ್ಲಿ ಇದ್ದಾಳೋ ಇಲ್ಲವೋ ಎನ್ನುವಷ್ಟು ತೆಳ್ಳಗೆ. ಚಿಲುಮೆಯ ನೀರನ್ನು ಚಮಚ ಚಮಚವಾಗಿ ಬಾಯಲ್ಲಿಟ್ಟುಕೊಂಡು ನುಂಗಿದಳು, ಅದಾದ ಮೇಲೆ ಸ್ವಲ್ಪ ಸಾರನ್ನೂ ಕುಡಿದಳು, ಅಷ್ಟೇ ಎಂದು ಬಾತ್ಮಾ ಹೇಳಿದ್ದಳು. ಅಜ್ಜಿ ಸೋನುನ್‌ಳ ಕೈ ಹಿಡಿದುಕೊಂಡಳು. ಅವಳಿಗೆ ಒಂದು ವಿಷಯ ಕೇಳಬೇಕಿತ್ತು, ಎಷ್ಟೋ ವರ್ಷದಿಂದ ಅದೇ ಕೊರೆಯುತ್ತಿತ್ತಂತೆ.

"ನಾವೆಲ್ಲ ಇಳಿದು ಬಂದ್ವಲ್ಲ. ಆ ಜಾಗ ಪಾಪ ಹಾಗೇ ಖಾಲಿ ಬಿದ್ದಿದ್ಯಾ?"

ಖಾಲಿ ಇಲ್ಲ ಅಜ್ಜಿ ಎಂದು ಸೋನುನ್ ಹೇಳತೊಡಗಿದಳು. ಡೇರೆಗಳಿದ್ದ ಇಳಿಜಾರಿನಲ್ಲಿ ಮಾರ್ಮಾಟ್‌ಗಳ ಬಿಲ, ಎದುರಿನ ಬಂಡೆಯಲ್ಲಿ ಕಾಡುಮೇಕೆಗಳ ಹಿಂಡು, ಮೇಲಿನ ಹಿಮದ ಅಂಚಿನಲ್ಲಿ ಒಮ್ಮೊಮ್ಮೆ ಹಿಮಚಿರತೆಯ ಹೆಜ್ಜೆ, ಚಿಲುಮೆಯ ಹತ್ತಿರ ಕರಡಿ ಮತ್ತು ಅದರ ಮರಿಗಳು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನಿದ್ದೆ ಹೋದಳೆಂದು ಸೋನುನ್ ಮಾತು ನಿಲ್ಲಿಸಿದಾಗ ಕಣ್ಣು ತೆರೆದಳು.

"ಎರಡು ಮರೀನಾ? ಚಳಿಗೆ ಎರಡೂ ಉಳ್ಕೋತಾವಾ?"

"ಅದೇ ಯೋಚನೆ ಅಜ್ಜಿ ನನಗೂ," ಎಂದಳು ಸೋನುನ್. ಇಬ್ಬರೂ ಆ ಯೋಚನೆಯಲ್ಲೇ, ಕೈ ಹಿಡಿದುಕೊಂಡು, ಚಹಾ ಬರುವವರೆಗೆ ಕೂತಿದ್ದರು.